ಕೆಂಪು ದೀಪದವನ ಮೂರು ದಿನ

2026ರ ಜನವರಿಯಲ್ಲಿ ಪುಣೆ ಗ್ರ್ಯಾಂಡ್ ಟೂರ್ ಅನ್ನುವ ಸೈಕಲ್ ಓಟ ನಡೆದಾಗ ನಾವು ಮೂವರು ಆಫೀಸಿಗೆ ಸುಳ್ಳು ಹೇಳಿ ಮುಳಶಿ ಕಡೆಯ ರಸ್ತೆ ಬದಿಯಲ್ಲಿ ನಿಂತಿದ್ದೆವು. ಎರಡು ತಾಸು ಬಿಸಿಲು ಕಾಯ್ದದ್ದಕ್ಕೆ ಸಿಕ್ಕಿದ್ದು ಅರ್ಧ ನಿಮಿಷದ ನೋಟ. ಮೊದಲು ಪೊಲೀಸರ ಬೈಕು, ಆಮೇಲೆ ಒಂದಷ್ಟು ಕಾರು, ಆಮೇಲೆ ಜೇನು ಎದ್ದ ಹಾಗೆ ಗುಂಯ್ ಅಂತ ಒಂದು ಸದ್ದು. ಯಾರು ಮುಂದೆ ಯಾರು ಹಿಂದೆ ಅಂತ ತಿಳಿಯುವುದರೊಳಗೆ ರಸ್ತೆ ಖಾಲಿ.

"ಇಷ್ಟಕ್ಕ ಮುಂಜಾನಿ ನಾಷ್ಟಾ ಬಿಟ್ಟು ಬಂದ್ವೇನು?" ಅಂದ ಗೌಡ. ಊರು ಜಮಖಂಡಿ, ಹೊಟ್ಟೆಯ ವಿಷಯದಲ್ಲಿ ರಾಜಿ ಇಲ್ಲ. ಎರಡು ನಿಮಿಷ ಸುಮ್ಮನಿದ್ದು ಅವನೇ ಮುಂದುವರಿಸಿದ: "ನೋಡೂದ ಏನ್ ಬಂತು. ನಾವೂ ಹೊಡ್ಯೂಣು."

ಹೀಗೆ ಶುರುವಾಯಿತು. ಪುತ್ತೂರಿನ ಭಟ್ರು ಅಂದೇ ರಾತ್ರಿ ಲೆಕ್ಕದ ಹಾಳೆ ಮಾಡಿಬಿಟ್ಟರು. ಅಸಲಿ ಓಟ 19ರಿಂದ 23ರವರೆಗೆ ಐದು ದಿನ, ಒಂದು ಪ್ರೊಲಾಗ್ (ಅಂದರೆ ಆರಂಭದ ಚಿಕ್ಕ ಓಟ), ನಾಲ್ಕು ಹಂತ, ಒಟ್ಟು 437 ಕಿ.ಮೀ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಲೆಕ್ಕದಲ್ಲಿ 2.2 ದರ್ಜೆ. ಮೊದಲ 2 ಅಂದರೆ ಹಲವು ದಿನಗಳ ಓಟ, ಚುಕ್ಕೆಯ ಆಚೆಗಿನ 2 ಅದರ ಮಟ್ಟ. ನಮ್ಮದು ಮೂರು ದಿನ, ಹತ್ತಿರ ಹತ್ತಿರ 240 ಕಿ.ಮೀ. ದರ್ಜೆ ಇಲ್ಲ. ಅವರು ಹೋದ ದಾರಿಯನ್ನೇ ಹಿಡಿಯುವ ಹಟವೂ ಇರಲಿಲ್ಲ. ಅದೇ ಗುಡ್ಡಗಾಡು, ನಮ್ಮ ಕಾಲಿಗೆ ಎಟುಕುವ ರಸ್ತೆ.

ನಿಯಮಗಳನ್ನು ಮಾತ್ರ ಭಟ್ರು ಬಿಟ್ಟುಕೊಡಲಿಲ್ಲ. ಹಂತದ ಓಟದಲ್ಲಿ ದಿನ ದಿನ ಗೆಲ್ಲುವುದು ಮುಖ್ಯವಲ್ಲ, ಎಲ್ಲ ದಿನಗಳ ಸಮಯ ಕೂಡಿಸಿದಾಗ ಯಾರದು ಕಡಿಮೆಯೋ ಅವನೇ ಗೆದ್ದ ಹಾಗೆ. ಅದರ ಮೇಲೆ ಬೋನಸ್: ಹಂತದಲ್ಲಿ ಮೊದಲು ಬಂದವನಿಗೆ ಒಟ್ಟು ಸಮಯದಲ್ಲಿ 10 ಸೆಕೆಂಡ್ ಮಾಫಿ, ಎರಡನೆಯವನಿಗೆ 6, ಮೂರನೆಯವನಿಗೆ 4. ಮೂವರೇ ಇರುವ ಓಟದಲ್ಲಿ ಕೊನೆಯವನಿಗೂ ಬಹುಮಾನ ಅಂದ ಹಾಗಾಯಿತು. ಈ ನಿಯಮ ನನಗೆ ಬಹಳ ಹಿಡಿಸಿತು. ಚಹಾ ಕುಡಿದ ಸಮಯ ಮೂವರೂ ಕೂಡಿ ಕುಡಿದರೆ ಮಾತ್ರ ಮಾಫಿ.

ಮೊದಲ ದಿನ: ಕೋಥರೂಡದಿಂದ ಕಾಮಶೇತ

ಚಾಂದಣಿ ಚೌಕವನ್ನು ಆರು ಗಂಟೆಯೊಳಗೆ ದಾಟಿದರೆ ಸೈಕಲ್ಲು, ದಾಟದಿದ್ದರೆ ಡಂಪರಿನ ಹೊಗೆ. ಐದೂಮುಕ್ಕಾಲಿಗೆ ದಾಟಿದೆವು. ಭೂಗಾವ, ಪಿರಂಗುಟದವರೆಗೆ ಫೆಬ್ರವರಿಯ ಚಳಿ ಬೆರಳುಗಳನ್ನು ಮರಗಟ್ಟಿಸಿತ್ತು. ಪೌಡ ಬರುವಷ್ಟರಲ್ಲಿ ಬಿಸಿಲು ಬಂತು, ಪೋಹೆಯೂ ಬಂತು. ನಮ್ಮ ಅವಲಕ್ಕಿಗಿಂತ ಮೆತ್ತಗೆ, ಮೇಲೆ ಹಸಿ ಈರುಳ್ಳಿ, ಕೊಬ್ಬರಿ, ಲಿಂಬೆ. ಗೌಡ ಎರಡು ಪ್ಲೇಟು ಹೊಡೆದ. ಮೂವರೂ ಕೂಡಿ ತಿಂದದ್ದು ಒಂದೇ ಪ್ಲೇಟಾದ್ದರಿಂದ ಎರಡನೆಯದರ ಸಮಯ ಅವನ ತಲೆಯ ಮೇಲೆ ಅಂತ ಭಟ್ರು ಬರೆದುಕೊಂಡರು.

ಪೌಡಿನಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ಕೋಳವಣ ರಸ್ತೆಗೆ ಹೊರಳಿದೆವು. ಭತ್ತ ಕೊಯ್ದು ಬರಿದಾದ ಗದ್ದೆ, ಅಲ್ಲಲ್ಲಿ ಕಡಲೆ, ಗೋಧಿ. ಡಾಂಬರು ಹೊಸದು ಇದ್ದ ಕಡೆ ಟೈರಿನಿಂದ ರೇಶಿಮೆ ಹರಿದಂಥ ಸಣ್ಣ ಸದ್ದು ಬರುತ್ತದೆ. ಆ ಸದ್ದು ಕೇಳುತ್ತಿರುವವರೆಗೆ ಕಾಲು ನೋಯುವುದಿಲ್ಲ. ಒಂದು ಊರಿನಲ್ಲಿ ಚಹಾದ ಅಜ್ಜ ಗೊಣಗುತ್ತಿದ್ದ. ಸೈಕಲ್ಲಿನವರು ಬರುತ್ತಾರೆಂದು ಮನೆ ಮುಂದಿನ ಹಂಪು ಕಿತ್ತರು, ಈಗ ಮೋಟರುಗಳು ಹಾರಿಕೊಂಡು ಹೋಗುತ್ತವೆ, ಕೋಳಿ ಉಳಿಸಿಕೊಳ್ಳುವುದು ಕಷ್ಟವಾಗಿದೆ ಅಂತ. ನಾವೂ ಸೈಕಲ್ಲಿನವರೇ ಆದ್ದರಿಂದ ಸುಮ್ಮನೆ ಚಹಾ ಕುಡಿದೆವು.

ಹಾಡಶಿ ದಾಟಿದ ಮೇಲೆ ಚಡಾವು. ಅಲ್ಲೇ ನನ್ನ ಹಿಂದಿನ ಗಾಲಿ ಪುಸ್ಸೆಂದಿತು. ಮುಂದಿದ್ದ ಇಬ್ಬರಿಗೂ ಕೂಗು ಕೇಳಲಿಲ್ಲ. ಕೇಳಿದರೂ ನಿಲ್ಲುತ್ತಿದ್ದರು ಅನ್ನುವ ನಂಬಿಕೆ ನನಗೇನೂ ಇಲ್ಲ. ಹೊಸ ಟ್ಯೂಬು ಹಾಕಿದೆ. ಪಂಪು ಜೋಡಿಸಿ ನಾಲ್ಕು ಸಲ ಒತ್ತಿದರೆ ಅದರ ಹಿಡಿಕೆಯೇ ಕೈಗೆ ಬಂತು.

ಅರ್ಧ ಕಿಲೋಮೀಟರು ಹಿಂದೆ ನೂಕಿಕೊಂಡು ಹೋದೆ. ಬೈಕಿನ ಪಂಕ್ಚರ್ ಅಂಗಡಿ, ಒಳಗೆ ಹದಿನೆಂಟು ಇಪ್ಪತ್ತರ ಹುಡುಗ. ಅವನ ಗಾಳಿ ಪೈಪಿನ ಮೂತಿ ದಪ್ಪ, ನನ್ನ ವಾಲ್ವು ಪೆನ್ಸಿಲಿನ ಮೊನೆಯ ಹಾಗೆ ಸಣ್ಣ. ಈ ಪ್ರೆಸ್ಟಾ ವಾಲ್ವಿಗೆ ಹಿತ್ತಾಳೆಯ ಒಂದು ಪುಟ್ಟ ಅಡಾಪ್ಟರು ಬೇಕು. ಕಡಲೆಕಾಳಿನಷ್ಟು ಗಾತ್ರ, ಬೆಲೆ ಒಂದು ಪ್ಲೇಟು ಮಿಸಳಿಗಿಂತ ಕಡಿಮೆ, ಅದು ಮನೆಯ ಟೇಬಲ್ಲಿನ ಮೇಲಿತ್ತು. ಹುಡುಗ ವಾಲ್ವನ್ನು ತಿರುಗಿಸಿ ತಿರುಗಿಸಿ ನೋಡಿದ. ಅದರ ಪ್ಲಾಸ್ಟಿಕ್ ಟೊಪ್ಪಿಗೆಯನ್ನು ಬೆಂಚಿನ ಮೇಲಿಟ್ಟು, ಬ್ಲೇಡಿನಿಂದ ಅದರ ತುದಿಯನ್ನು ಅಕ್ಕಿಕಾಳಿನಷ್ಟು ಕೊಯ್ದ. ತೂತಾಯಿತು. ವಾಲ್ವಿನ ತಲೆ ಸಡಿಲಿಸಿ, ಟೊಪ್ಪಿಗೆಯನ್ನು ತಲೆಕೆಳಗು ಮಾಡಿ ಅದರ ಮೇಲೆ ತಿರುಪಿ, ತನ್ನ ದಪ್ಪ ಮೂತಿ ಒತ್ತಿ ಹಿಡಿದ. ಒಂದು ಹನಿ ಗಾಳಿಯೂ ಸೋರಲಿಲ್ಲ. ಯಾರು ಕಲಿಸಿದರು ಅಂದೆ. "ಟೋಪಿ ನಿಮ್ದೇ, ಬ್ಲೇಡ್ ನಂದು," ಅಂದ ಮರಾಠಿಯಲ್ಲಿ. ಇಪ್ಪತ್ತು ರೂಪಾಯಿ ಇಸಕೊಂಡ. ಆ ತುಂಡು ಟೊಪ್ಪಿಗೆ ಈಗಲೂ ನನ್ನ ಚೀಲದಲ್ಲಿದೆ, ಅಡಾಪ್ಟರು ಈಗಲೂ ಟೇಬಲ್ಲಿನ ಮೇಲಿದೆ.

ಗುಡ್ಡ ಹತ್ತಿದರೆ ಎಡಕ್ಕೆ ಮೂರು ಮೂಲೆಯ ತಿಕೋನಾ ಕೋಟೆ, ಇಳಿಯುತ್ತ ಹೋದಂತೆ ಪವನಾ ಹಿನ್ನೀರು, ಆಚೆ ಟೋಪಿಯ ತುದಿಯ ಹಾಗೆ ತುಂಗ ಕೋಟೆ. ಇಲ್ಲಿ ನಿಲ್ಲದವನು ಸೈಕಲ್ಲು ಯಾಕೆ ಕೊಂಡನೋ! ನಾನು ಹತ್ತು ನಿಮಿಷ ನಿಂತೆ. ಹೇಗೂ ತಡವಾಗಿತ್ತು.

ಕಾಮಶೇತ ಮುಟ್ಟಿದಾಗ ಇಬ್ಬರೂ ಸ್ಟೇಷನ್ನಿನ ಬೆಂಚಿನ ಮೇಲೆ ವಡಾಪಾವ್ ಮುಗಿಸಿ ಕೂತಿದ್ದರು. ಐವತ್ತೊಂದು ನಿಮಿಷ ಹಿಂದೆ. ಭಟ್ರು ಸಮಾಧಾನ ಹೇಳಿದರು: "ಬೇಜಾರು ಮಾಡ್ಬೇಡಿ ಮಾರಾಯ್ರೆ. 1903ರ ಮೊದಲನೇ ಟೂರ್ ಡಿ ಫ್ರಾನ್ಸಿನಲ್ಲಿ ಗೆದ್ದವನಿಗೂ ಎರಡನೆಯವನಿಗೂ ಮೂರು ಗಂಟೆ ಹತ್ತಿರ ವ್ಯತ್ಯಾಸ ಇತ್ತು." ಆ ಎರಡನೆಯವನಿಗೆ ಭಟ್ರಂಥ ಗೆಳೆಯರು ಇರಲಿಲ್ಲವೆಂದು ಆಶಿಸುತ್ತೇನೆ.

ಅಲ್ಲಿಂದ ಲೋಕಲ್ಲಿನ ಲಗೇಜು ಡಬ್ಬಿಯಲ್ಲಿ ಹಾಲಿನ ಕ್ಯಾನುಗಳ ನಡುವೆ ಸೈಕಲ್ಲು ಸಿಕ್ಕಿಸಿಕೊಂಡು ಮನೆಗೆ. ಅದಕ್ಕೆ ಮೊದಲು, ಪ್ಲಾಟ್‌ಫಾರ್ಮಿನಲ್ಲಿ ಒಂದು ಮೇಲ್ ಗಾಡಿ ದಡದಡ ಹಾದುಹೋಯಿತು. ಕೊನೆಯ ಡಬ್ಬಿಯ ಬೆನ್ನಿಗೆ ಮಿಣುಕುವ ಕೆಂಪು ದೀಪ. ಭಟ್ರು ಅದನ್ನೇ ತೋರಿಸಿ ನಕ್ಕರು. ಹಂತದ ಓಟಗಳಲ್ಲಿ ಎಲ್ಲರಿಗಿಂತ ಹಿಂದೆ ಇರುವವನಿಗೆ ಫ್ರೆಂಚರು ಕೆಂಪು ಲಾಂದ್ರ ಅನ್ನುತ್ತಾರಂತೆ, ರೈಲಿನ ಈ ದೀಪದಿಂದಲೇ ಬಂದ ಹೆಸರು. ಅದು ಕಾಣದಿದ್ದರೆ ಡಬ್ಬಿಗಳು ಕಳಚಿ ದಾರಿಯಲ್ಲೇ ಉಳಿದಿರಬಹುದು ಅಂತ ಸ್ಟೇಷನ್ನಿನವರಿಗೆ ತಿಳಿಯುತ್ತದೆ. "ಅಂದ್ರ ನೀ ಬಂದ್ರ ನಮ್ಮ ಗಾಡಿ ಪೂರ್ತಿ ಬಂತಂತ ಅರ್ಥ," ಅಂದ ಗೌಡ. ಹೆಸರು ಅಂಟಿತು.

ಎರಡನೆಯ ದಿನ: ಸಿಂಹಗಡದ ಮೇಲಿಂದ ಸಾಸವಡ

ಸಿಂಹಗಡಕ್ಕೆ ಶನಿವಾರ, ಭಾನುವಾರ ಹೋಗಬೇಡಿ. ಕಾರುಗಳ ಸಾಲು ಘಾಟಿನ ಅರ್ಧಕ್ಕೇ ನಿಂತಿರುತ್ತದೆ. ನಾವು ಶುಕ್ರವಾರ ಹೋದದ್ದಕ್ಕೆ ರಸ್ತೆ ತುಂಬ ಮಂಗಗಳು ಮಾತ್ರ ಇದ್ದವು.

ಖಡಕವಾಸಲಾ ಕೆರೆಯ ದಂಡೆಯ ಮಂಜಿನಲ್ಲಿ ಡೋಣಜೆಯವರೆಗೆ ಮೂವರೂ ಒಟ್ಟಿಗೆ. ಅಲ್ಲಿಂದ ಮೇಲಕ್ಕೆ ಸುಮಾರು 9 ಕಿ.ಮೀ.; ಅಷ್ಟರಲ್ಲಿ ಹೆಚ್ಚು ಕಡಿಮೆ 600 ಮೀಟರು ಎತ್ತರ ಏರಬೇಕು. ಮುಂಬಯಿ-ಪುಣೆ ಸೈಕಲ್ ರೇಸಿನಲ್ಲಿ ಬೋರಘಾಟ ಮೊದಲು ಹತ್ತಿದವನಿಗೆ 'ಘಾಟಾಚಾ ರಾಜಾ' ಅಂತ ಬಿರುದು ಕೊಡುತ್ತಾರೆ. ಇಲ್ಲಿ ಆ ಪಟ್ಟಕ್ಕೆ ಗೌಡ ಮತ್ತು ಭಟ್ರ ನಡುವೆ ಯುದ್ಧ. ನಾನು ಎಲ್ಲಕ್ಕಿಂತ ಹಗುರ ಗೇರಿಗೆ ಹಾಕಿದೆ. ಹಿಂದೆ 28 ಹಲ್ಲಿನ ಚಕ್ರ; ಹಲ್ಲು ಹೆಚ್ಚಿದ್ದಷ್ಟೂ ತುಳಿತ ಹಗುರ. ಈ ಗುಡ್ಡಕ್ಕೆ ಬರುವವರು 32 ಹಾಕಿಸಿಕೊಂಡು ಬನ್ನಿ, ನಾಚಿಕೆ ಬೇಡ. ಮೊದಲ ತಿರುವಿನ ನಂತರ ನನಗೆ ಕೇಳುತ್ತಿದ್ದದ್ದು ನನ್ನದೇ ಏದುಸಿರು ಮತ್ತು ಪ್ರತಿ ತುಳಿತಕ್ಕೂ ಕಿರ್ರೆನ್ನುವ ಸೀಟು. ತಲೆಯ ಮೇಲೆ ಮೊಸರು, ಮಜ್ಜಿಗೆಯ ಗಡಿಗೆ ಹೊತ್ತು ಕಾಲುದಾರಿಯಲ್ಲಿ ಗಡ ಹತ್ತುತ್ತಿದ್ದ ಹೆಂಗಸೊಬ್ಬಳು ಒಂದು ತಿರುವಿನಲ್ಲಿ ರಸ್ತೆ ದಾಟಿದಳು. ಮೇಲೆ ಮುಟ್ಟಿದಾಗ ಅವಳೇ ಅಂಗಡಿ ಹೂಡಿ ಕೂತಿದ್ದಳು. ಅವಳ ದಾರಿ ಹತ್ತಿರದ್ದು ಅಂತ ಇಬ್ಬರಿಗೂ ಹೇಳಿದೆ; ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ರಾಜನ ಪಟ್ಟ ಭಟ್ರಿಗೆ ಹೋಗಿತ್ತು.

1670ರಲ್ಲಿ ಶಿವಾಜಿಯ ಸರದಾರ ತಾನಾಜಿ ರಾತ್ರಿಯಲ್ಲಿ ಹತ್ತಿದ ಕಡಿದಾದ ಬಂಡೆಯನ್ನು ನೋಡಿ ಬಂದವರೇ ಪಿಠಲೆ-ಭಾಕರಿಗೆ ಕೂತೆವು. ಪಿಠಲೆ ಅಂದರೆ ನಮ್ಮ ಜುಣಕದ ತೆಳು ತಂಗಿ. ಸೌದೆ ಒಲೆಯ ಭಾಕರಿ, ಮೆಣಸಿನಕಾಯಿಯ ಠೇಚಾ, ಕುಡಿಕೆಯಲ್ಲಿ ಹೆಪ್ಪಾದ ಮೊಸರು. ಕುಡಿಕೆಯ ಮಣ್ಣಿನ ವಾಸನೆ ಮೊಸರಿಗೆ ಹತ್ತಿರುತ್ತದೆ, ಸಕ್ಕರೆ ಹಾಕಿಸಿಕೊಂಡರೆ ಅದು ಹೋಗಿಬಿಡುತ್ತದೆ. ಹಾಕಿಸಬೇಡಿ. "ಭಾಕರೀ ಅಂದ್ರ ನಮ್ಮ ರೊಟ್ಟಿನ, ಬರೇ ದಪ್ಪ," ಅಂತ ಗೌಡ ತೀರ್ಪು ಕೊಟ್ಟು ನಾಲ್ಕನೆಯದಕ್ಕೆ ಕೈ ಹಾಕಿದ.

ಇಳಿಯುವಾಗ ಅರ್ಧದಲ್ಲಿ ಬಲಕ್ಕೆ ಕೊಂಢಣಪುರದ ಫಾಟಾ, ಅಂದರೆ ಕವಲು. ಆ ರಸ್ತೆ ಶಿವಾಪುರದಲ್ಲಿ ಬೆಂಗಳೂರು ಹೆದ್ದಾರಿಗೆ ಬಂದು ಬೀಳುತ್ತದೆ. ಬೆಳಗಾವಿ, ಹುಬ್ಬಳ್ಳಿ ಅಂತ ಬೋರ್ಡು ಹಾಕಿದ ಬಸ್ಸುಗಳು ಮೈಮೇಲೆ ಗಾಳಿ ಎರಚಿ ಹೋದವು. ಧಾರವಾಡದವನಾದ ನನಗೆ ಆ ರಸ್ತೆಯಲ್ಲಿ ಸೈಕಲ್ಲು ತಾನಾಗಿ ದಕ್ಷಿಣಕ್ಕೆ ಎಳೆಯಿತು. ಕಾಪೂರಹೋಳದಲ್ಲಿ ಎಡಕ್ಕೆ ತಿರುಗಿಸಬೇಕಾಯಿತು.

ಕೇತಕಾವಳೆಯಲ್ಲಿ ತಿರುಪತಿಯ ತದ್ರೂಪಿನ ಬಾಲಾಜಿ ಗುಡಿ ಇದೆ. ನಿಲ್ಲಲಿಲ್ಲ. ಮಧ್ಯಾಹ್ನ ಒಂದು ಗಂಟೆ, ಮುಂದೆ ಚಿವೇವಾಡಿ ಘಾಟು, ಹೊಟ್ಟೆಯಲ್ಲಿ ಮೂರು ಭಾಕರಿ. ಎರಡನೆಯ ತಿರುವಿಗೆ ಇಳಿದು ನೂಕತೊಡಗಿದೆ. ಪೆಡಲಿಗೆ ಕಚ್ಚಿಕೊಳ್ಳುವ ಕ್ಲೀಟ್ ಹಾಕಿದ ಬೂಟು ಡಾಂಬರಿನ ಮೇಲೆ ಟಕ್ ಟಕ್ ಅಂತ ಕುದುರೆಯ ಹಾಗೆ ಸದ್ದು ಮಾಡುತ್ತಿತ್ತು.

ರಸ್ತೆಯ ಅಂಚಿಗೆ ಕಲ್ಲು ಕಟ್ಟುವ ಕೆಲಸ ನಡೆದಿತ್ತು. ಬುಟ್ಟಿ ಹೊತ್ತ ಹೆಂಗಸು ನನ್ನನ್ನು ನೋಡಿ ಹಿಂದಿದ್ದವಳಿಗೆ ಹೇಳಿದಳು: "ಪಾಪ, ಸೈಕಲ್ ಕೆಟ್ಟೈತಿ ಕಾಣಸ್ತೈತಿ."

"ಸೈಕಲ್ ಛಲೋ ಐತ್ರಿ ಅಕ್ಕಾರ, ಕೆಟ್ಟಿದ್ದು ನಾನ," ಅಂದೆ.

ಬುಟ್ಟಿ ಕೆಳಗಿಳಿಯಿತು. ಎಲ್ಲರೂ ನಕ್ಕರು. ಇಂಡಿ ತಾಲೂಕಿನವರು, ಎರಡು ಕುಟುಂಬ, ನಾಲ್ಕು ಮಕ್ಕಳು, ಒಂದು ತಾಡಪತ್ರಿಯ ಗುಡಿಸಲು. ಗಿಡದ ನೆರಳಿಗೆ ಕೂಡಿಸಿದರು. ಊಟದ ಹೊತ್ತು. ಎಷ್ಟು ಬೇಡವೆಂದರೂ ಕಟಕ ರೊಟ್ಟಿ, ಮೇಲೆ ಶೇಂಗಾ ಹಿಂಡಿ, ಒಂದು ಹಸಿ ಉಳ್ಳಾಗಡ್ಡಿ ಕೈಗೆ ಬಂತು. ಗುಂಪಿನ ಹಿರಿಯ, ಅರವತ್ತರ ಹತ್ತಿರದ ಕಾಕಾ, ನನ್ನ ಸೈಕಲ್ಲನ್ನು ಒಂದು ಬೆರಳಿನಿಂದ ಎತ್ತಿ ನೋಡಿದರು. ಎತ್ತುವಾಗ ಕಂಡಿತು: ಅವರ ಹೆಬ್ಬೆರಳಿನ ಉಗುರಿಗೆ ಡಾಂಬರು ಕೂತು ಅದೇ ಉಗುರಿನ ಬಣ್ಣವಾಗಿ ಹೋಗಿತ್ತು.

"ಮೊನ್ನಿ ಮುಳಶಿ ಕಡೆ ರಸ್ತಾ ಮಾಡಿದ್ವಿರಿ, ಆ ಸೈಕಲ್ ಶರ್ಯತ್ತಿಗಿ. ಹಗಲೂ ರಾತ್ರಿ ಕೆಲಸ. ಮಗ್ಗಲಕ ನಿಂತು ನೋಡಿದ್ವಿ. ಎಣಿಸಬೇಕಂದ್ರ ಎಣಿಸೂದ್ರಾಗ ಹೋದ್ರು."

"ನಾವೂ ಅಲ್ಲೇ ಇದ್ವಿರಿ," ಅಂದೆ.

"ಅವರು ಗೆದ್ರ ಏನ್ ಕೊಡ್ತಾರ್ರಿ?" ಅಂತ ಹೆಂಗಸು ಕೇಳಿದಳು. ರೊಕ್ಕ ಕೊಡುತ್ತಾರೆ, ಹಳದಿ ಅಂಗಿ ಕೊಡುತ್ತಾರೆ ಅಂದೆ. ಹಳದಿಯೇ ಯಾಕೆ ಅಂತ ಮರುಪ್ರಶ್ನೆ. ಫ್ರಾನ್ಸಿನಲ್ಲಿ ಓಟ ನಡೆಸುತ್ತಿದ್ದ ಪತ್ರಿಕೆಯನ್ನು ಹಳದಿ ಕಾಗದದ ಮೇಲೆ ಅಚ್ಚು ಹಾಕುತ್ತಿದ್ದರು, 1919ರಲ್ಲಿ ಮುಂದಿದ್ದವನಿಗೆ ಅದೇ ಬಣ್ಣದ ಅಂಗಿ ತೊಡಿಸಿದರು ಅಂತ ವಿವರಿಸಿದೆ. ಕಾಕಾ ಅದನ್ನು ಅಷ್ಟಾಗಿ ಒಪ್ಪಿದ ಹಾಗೆ ಕಾಣಲಿಲ್ಲ. "ಕೆಲಸದ ಮಂದಿಗೂ ಹಳದಿ ಜಾಕೀಟ ಕೊಟ್ಟಾರ್ರಿ," ಅಂದರು, ಗಿಡಕ್ಕೆ ನೇತುಹಾಕಿದ್ದ ಮಿಂಚುಪಟ್ಟಿಯ ಜಾಕೀಟು ತೋರಿಸಿ. "ಶಕಿ ಆಕ್ಕೈತಿ, ಹಾಕ್ಕೊಳ್ಳೂದಿಲ್ಲ."

ಮುಂದಿನ ಚಡಾವು ಇನ್ನೆಷ್ಟು ಅಂತ ಕೇಳಿದೆ. ನನ್ನ ಹ್ಯಾಂಡಲ್ಲಿನ ಮೇಲಿನ ಯಂತ್ರ ಶೇಕಡಾ ಇಷ್ಟು ಅಂತ ತೋರಿಸುತ್ತಲೇ ಇರುತ್ತದೆ, ಅದರ ಮೇಲೆ ನನಗೆ ನಂಬಿಕೆ ಹೋಗಿತ್ತು. "ಇನ್ನ ಎರಡ ವಳಣ. ಎರಡನೇದ್ರಾಗ ರೋಲರ್ ಸುದ್ದಾ ತಿಣಕತೈತಿ. ಅಲ್ಲಿ ಇಳೀರಿ, ಯಾರೂ ನೋಡೂದಿಲ್ಲ." ಎರಡನೆಯ ವಳಣದಲ್ಲಿ ಇಳಿದೆ. ಯಾರೂ ನೋಡಲಿಲ್ಲ.

ನಾರಾಯಣಪುರದ ಮೇಲೆ ಪುರಂದರ ಕೋಟೆ ಇಳಿಬಿಸಿಲಿಗೆ ಹೊಳೆಯುತ್ತಿತ್ತು. 1665ರ ಒಪ್ಪಂದದಲ್ಲಿ ಶಿವಾಜಿ ಮೊಗಲರಿಗೆ ಬಿಟ್ಟುಕೊಟ್ಟ 23 ಕೋಟೆಗಳ ಪಟ್ಟಿಯಲ್ಲಿ ಇದೂ ಇತ್ತು, ಬೆಳಿಗ್ಗೆ ಹತ್ತಿದ ಸಿಂಹಗಡವೂ ಇತ್ತು. ಇಳಿಜಾರಿನಲ್ಲಿ ಅಂಜೂರದ ತೋಟಗಳು. ರಸ್ತೆ ಬದಿಯಲ್ಲಿ ಒಂದು ಬುಟ್ಟಿ ಕೊಂಡು, ಅರ್ಧ ತಿಂದು, ಅರ್ಧ ಬೆನ್ನ ಜೇಬಿನಲ್ಲಿ ಹಿಚುಕಿಕೊಂಡೆ. ಸಾಸವಡದ ಲಾಡ್ಜಿನ ಮುಂದೆ ಭಟ್ರು ಗಡಿಯಾರ ಹಿಡಿದು ನಿಂತಿದ್ದರು. ಒಂದು ತಾಸು ಹನ್ನೆರಡು ನಿಮಿಷ. ಎಲ್ಲಿ ಹೋಗಿದ್ದೆ ಅಂತ ಕೇಳಿದರೆ ಊಟಕ್ಕೆ ಅಂದೆ. ನಂಬಲಿಲ್ಲ.

ಮೂರನೆಯ ದಿನ: ಜೇಜುರಿ ಮುಗಿಸಿ ಬಾರಾಮತಿ

ಜೇಜುರಿಗೆ ಬಂದು ಖಂಡೋಬಾನ ಮೆಟ್ಟಿಲು ಹತ್ತದೆ ಹೋದರೆ ಮನೆಯಲ್ಲಿ ಅವ್ವ ಒಳಗೆ ಬಿಟ್ಟುಕೊಳ್ಳುವುದಿಲ್ಲ ಅಂತ ಗೌಡ ಹಟ ಹಿಡಿದ. ಅವರ ಮನೆದೇವರು ಮೈಲಾರಲಿಂಗ. ಭಟ್ರಿಗೂ ನನಗೂ ಅಭ್ಯಂತರವಿರಲಿಲ್ಲ, ಗಡಿಯಾರ ಮೂವರಿಗೂ ನಿಂತಿತು. ಬೂಟುಗಳನ್ನು ಭಂಡಾರದ ಅಂಗಡಿಯಲ್ಲಿ ಬಿಟ್ಟೆವು. ಕ್ಲೀಟಿನಲ್ಲಿ ಕಲ್ಲು ಮೆಟ್ಟಿಲು ಹತ್ತುವ ಸಾಹಸ ಯಾರೂ ಮಾಡಬೇಡಿ. ಇಲ್ಲಿ 'ಯೆಳಕೋಟ ಯೆಳಕೋಟ' ಅಂದರೆ ನಮ್ಮ ಕಡೆ 'ಏಳುಕೋಟಿ'. ಮೆಟ್ಟಿಲ ಮೇಲೆ ಕೂತಿದ್ದ ಒಂದು ಕನ್ನಡ ಕುಟುಂಬ ಅದನ್ನು ನಮ್ಮ ಉಚ್ಚಾರದಲ್ಲೇ ಕೂಗಿದ್ದು ಕೇಳಿ ಗೌಡ ಅವರಿಗಿಂತ ಜೋರಾಗಿ ಕೂಗಿದ. ಮೇಲೆ ಯಾರೋ ಹಿಡಿಹಿಡಿ ಭಂಡಾರ ತೂರಿದರು. ಬೆವರಿಗೆ ಅರಿಶಿನ ಅಂಟಿ ಮೂವರ ಅಂಗಿಯೂ ಹಳದಿ. ಭಟ್ರು ಬಹಳ ಹೊತ್ತು ತಮ್ಮ ತೋಳು ನೋಡಿಕೊಂಡರು. "ಇದು ಲೆಕ್ಕಕ್ಕಿಲ್ಲ," ಅಂದರು ಕಡೆಗೆ. ನನ್ನ ಬಿಳಿ ಅಂಗಿಯ ಬಣ್ಣ ಮೂರು ಸಲ ಒಗೆದರೂ ಹೋಗಿಲ್ಲ.

ಅಲ್ಲಿಂದ ಗುಡ್ಡ ಮುಗಿದು ಬಯಲು. ಚಡಾವಿಗಿಂತ ಸುಲಭ ಅಂದುಕೊಂಡಿದ್ದೆ, ಎದುರುಗಾಳಿ ಬರುವವರೆಗೆ. ಮೋರಗಾವದ ಗಣಪತಿಗೆ ಹೊರಗಿನಿಂದಲೇ ಕೈಮುಗಿದು, ಗುಡಿಯ ಹತ್ತಿರ ಕಬ್ಬಿನ ಹಾಲು ಕುಡಿದೆವು. ಗಾಣದ ಚಕ್ರಕ್ಕೆ ಗೆಜ್ಜೆ ಕಟ್ಟಿರುತ್ತಾರೆ, ತಿರುಗಿದಾಗ ಛುಂ ಛುಂ ಅನ್ನುತ್ತದೆ. ಪುಣೆ, ಮುಂಬಯಿಯ ಎಷ್ಟೋ ರಸವಂತಿ ಗೃಹಗಳಿಗೆ ಕಾನಿಫನಾಥ, ನವನಾಥ ಅಂತಲೇ ಹೆಸರು. ನಡೆಸುವವರಲ್ಲಿ ಬಹಳ ಮಂದಿ ನಾವು ಬೆಳಿಗ್ಗೆ ಬಿಟ್ಟು ಬಂದ ಪುರಂದರ ತಾಲೂಕಿನವರು. ಕಾನಿಫನಾಥನ ಗುಡಿ ಸಾಸವಡದ ಹತ್ತಿರವೇ ಒಂದು ಗುಡ್ಡದ ಮೇಲಿದೆ. ಶುಂಠಿ, ಲಿಂಬೆ, ಚಿಟಿಕೆ ಉಪ್ಪು ಹಾಕಿಸಿ ಎರಡು ಗ್ಲಾಸು ಕುಡಿಯಿರಿ, ಬಾಟಲಿಯನ್ನೂ ಅಲ್ಲೇ ತುಂಬಿಕೊಳ್ಳಿ. ಮುಂದೆ ನೆರಳು ಕಡಿಮೆ.

ಗಾಳಿಯಲ್ಲಿ ಒಬ್ಬನ ಬೆನ್ನ ಹಿಂದೆ ಇನ್ನೊಬ್ಬ ಅಂಟಿಕೊಂಡು ಹೋದರೆ ಹಿಂದಿನವನಿಗೆ ಕಾಲುಭಾಗಕ್ಕಿಂತ ಹೆಚ್ಚು ಶ್ರಮ ಉಳಿಯುತ್ತದೆ. ಅದಕ್ಕೇ ಅಸಲಿ ಓಟದಲ್ಲಿ ಅವರು ಜೇನಿನ ಹಾಗೆ ಗುಂಪುಗೂಡುವುದು. ನಾವು ಮೂವರು ಎರಡೆರಡು ನಿಮಿಷಕ್ಕೆ ಮುಂದಿನವನನ್ನು ಬದಲಿಸುತ್ತ ಹೋದೆವು. ವೈರವೆಲ್ಲ ಗಾಳಿಗೆ ಹೋಗಿತ್ತು. ನನ್ನ ಸರದಿ ಬಂದಾಗ ವೇಗ ಇಳಿಯುತ್ತಿತ್ತು, ಯಾರೂ ಬೈಯಲಿಲ್ಲ. ಬಾರಾಮತಿಗೆ ಹದಿನೈದು ಕಿಲೋಮೀಟರು ಇದ್ದಾಗ ಭಟ್ರ ಕಣ್ಣು ಮಂಜಾಯಿತು. ಬೆಳಿಗ್ಗೆ ಬರೀ ಕಾಫಿ ಕುಡಿದಿದ್ದರು. ಹೊಟ್ಟೆಯ ಇಂಧನ ತೀರಿದರೆ ಕೈಕಾಲು ನಡುಗಿ ತಣ್ಣನೆ ಬೆವರು ಬರುತ್ತದೆ, ಎಂಥ ಘಾಟಾಚಾ ರಾಜನಾದರೂ ಸರಿ. ಕಾಲುವೆಯ ಸೇತುವೆಯ ಮೇಲೆ ಕೂಡಿಸಿ ಬೆಲ್ಲ ತಿನ್ನಿಸಿದೆವು, ನನ್ನ ಜೇಬಿನ ಹಿಚುಕಿದ ಅಂಜೂರವನ್ನೂ. ಬಟ್ಟೆಗೆ ಅಂಟಿದ್ದನ್ನು ಕೂಡ ಅವರು ಬಿಡಲಿಲ್ಲ.

ಊರ ಬೋರ್ಡಿನ ಹತ್ತಿರ ಮೂವರೂ ಒಂದೇ ಸಾಲಿನಲ್ಲಿ ದಾಟಿದೆವು. ಗುಂಪಾಗಿ ಬಂದವರಿಗೆಲ್ಲ ಒಂದೇ ಸಮಯ ಕೊಡುವುದು ಇಂಥ ಓಟಗಳ ಪದ್ಧತಿ. ಭಟ್ರೇ ಬರೆದುಕೊಂಡರು.

ರಾತ್ರಿ ಲಾಡ್ಜಿನ ಕೋಣೆಯಲ್ಲಿ ಊಟದ ಬಿಲ್ಲಿನ ಹಿಂದೆ ಕೂಡಿಸಿದರು: ಗೌಡ ಮೊದಲು, ಭಟ್ರು ಮೂರು ನಿಮಿಷ ಹಿಂದೆ, ನಾನು ಎರಡು ತಾಸು ಮೂರು ನಿಮಿಷ. ಪಂಕ್ಚರಿನ ಸಮಯ ಕಳೆಯಿರಿ ಅಂದೆ, ಆಗಲ್ಲ ಅಂದರು. ಘಾಟಿನಲ್ಲಿ ಆ ಒಂದು ತಾಸು ಎಲ್ಲಿದ್ದಿ, ಈಗಾದರೂ ಖರೇ ಹೇಳು ಅಂತ ಗೌಡ ಕೇಳಿದ. ಬೆನ್ನ ಚೀಲದ ತಳದಿಂದ ಕಾಗದದ ಪೊಟ್ಟಣ ತೆಗೆದು ಮೊಸರನ್ನದ ಪಕ್ಕ ಬಿಚ್ಚಿಟ್ಟೆ. ಹೊರಡುವಾಗ ಆ ಬುಟ್ಟಿಯ ಅಕ್ಕ ಕಟ್ಟಿಕೊಟ್ಟ ಶೇಂಗಾ ಹಿಂಡಿ.

ಗೌಡ ಬೆರಳದ್ದಿ ನೆಕ್ಕಿದ. ಕಣ್ಣು ಮುಚ್ಚಿದ. "ಇಂಡಿ ಕಡೇದು," ಅಂದ, ನಾನು ಏನೂ ಹೇಳುವ ಮೊದಲೇ.

ಭಟ್ರು ಪೆನ್ನು ತೆಗೆದು ನನ್ನ ಹೆಸರಿನ ಮುಂದೆ ಹತ್ತು ಸೆಕೆಂಡ್ ಬೋನಸ್ ಹಾಕಿದರು. ಎರಡನೆಯ ತುತ್ತಿನ ಮೇಲೆ ಅದನ್ನು ಇಪ್ಪತ್ತು ಮಾಡಿದರು.